ಹಳೇ ಸರ್ವರಿಗೆ ಹೊಸ ಬ್ರೌಸರು

2013ರ ಮೊದಲ ತಿಂಗಳುಗಳಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6 ಇದ್ದ ಕಂಪ್ಯೂಟರುಗಳಲ್ಲಿ ಕ್ರೋಮ್ ತೆರೆದವರಿಗೆ ಮೇಲ್ತುದಿಯಲ್ಲಿ ಒಂದು ಸೂಚನೆ ಕಾಣತೊಡಗಿತು. ನಿಮ್ಮ ಆಪರೇಟಿಂಗ್ ಸಿಸ್ಟಂ ಓಬೀರಾಯನ ಕಾಲದ್ದು, ಇನ್ನು ಮುಂದೆ ಕ್ರೋಮ್ ಅಪ್‌ಡೇಟ್ ಸಿಗುವುದಿಲ್ಲ ಎಂಬುದು ಅದರ ಸಾರ. ಓದಿದವರು ಸಿಟ್ಟಾದರು. ಆಗದೆ ಏನು ಮಾಡಿಯಾರು? ಆ ಸಿಸ್ಟಂ ಬಿಡುಗಡೆಯಾಗಿದ್ದು 2010ರ ನವೆಂಬರಿನಲ್ಲಿ. ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಇದನ್ನು 10 ವರ್ಷ ನೋಡಿಕೊಳ್ಳುತ್ತೇವೆ ಎಂದು ರೆಡ್ ಹ್ಯಾಟ್ ಹಿಂದಿನ ವರ್ಷವಷ್ಟೇ ಮಾತು ಕೊಟ್ಟಿತ್ತು. ಕಾಸು ಕೊಟ್ಟು ಕೊಂಡ, ಸೆಕ್ಯುರಿಟಿ ಪ್ಯಾಚುಗಳು ತಪ್ಪದೆ ಬರುತ್ತಿದ್ದ ಸಿಸ್ಟಮಿಗೆ ಪುಕ್ಕಟೆ ಸಿಗುವ ಬ್ರೌಸರೊಂದು ‘ನಿನ್ನ ಕಾಲ ಮುಗಿಯಿತು’ ಎಂದು ಹೇಳಿತ್ತು.

ಹೇಳಿದ ಧಾಟಿ ಸರಿಯಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಗೂಗಲ್‌ನ ಕಷ್ಟ ಸುಳ್ಳಾಗಿರಲಿಲ್ಲ. ಸರ್ವರಿಗೆಂದೇ ತಯಾರಾಗುವ ಆಪರೇಟಿಂಗ್ ಸಿಸ್ಟಂ ಮಾರುವುದು ಸ್ಥಿರತೆಯನ್ನು. ಇವತ್ತು ಹಾಕಿದ ಸಾಫ್ಟ್‌ವೇರ್ ಎಂಟು ವರ್ಷದ ನಂತರವೂ ಹೀಗೇ ಓಡಬೇಕು. ಆದ್ದರಿಂದ ಒಳಗಿನ ಲೈಬ್ರರಿಗಳ ಆವೃತ್ತಿಯನ್ನು ಮೊದಲ ದಿನವೇ ನಿಲ್ಲಿಸಿಬಿಡುತ್ತಾರೆ. ತೂತು ಕಂಡರೆ ಅದೇ ಹಳೆಯ ಆವೃತ್ತಿಗೆ ತೇಪೆ ಹಾಕುತ್ತಾರೆ, ಹೊಸದನ್ನು ತರುವುದಿಲ್ಲ. ಬ್ರೌಸರಿನ ಜಾಯಮಾನ ಇದಕ್ಕೆ ಪೂರ್ತಿ ಉಲ್ಟಾ. ಆಗ ಸುಮಾರು ಆರು ವಾರಕ್ಕೊಂದು ಹೊಸ ಕ್ರೋಮ್ ಬರುತ್ತಿತ್ತು. 2021ರಲ್ಲಿ ಅದು ನಾಲ್ಕು ವಾರಕ್ಕೊಂದಾಯಿತು. ಒಬ್ಬನ ಪಂಚಾಂಗ ದಶಕದ್ದು, ಇನ್ನೊಬ್ಬನದು ತಿಂಗಳದ್ದು. ಇಬ್ಬರನ್ನೂ ಒಂದೇ ಯಂತ್ರದಲ್ಲಿ ಕೂರಿಸಬೇಕಾದ ಪಾಡು ಸಿಸ್ಟಂ ಅಡ್ಮಿನ್‌ನದು.

ಸರ್ವರಿನಲ್ಲಿ ಬ್ರೌಸರ್ ಯಾಕಪ್ಪಾ ಬೇಕು ಎಂದು ಕೇಳಬಹುದು. ಬೆಂಗಳೂರಿನ ಹೊರವರ್ತುಲ ರಸ್ತೆಯ ಚಿಪ್ ಡಿಸೈನ್ ಕಚೇರಿಗಳಲ್ಲಿ ಕೆಲಸ ಮಾಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಎಂಜಿನಿಯರ್ ಮುಂದಿರುವ ಲ್ಯಾಪ್‌ಟಾಪು ಬರೀ ಬಾಗಿಲು. ಅದರಲ್ಲೊಂದು ವಿಎನ್‌ಸಿ ಕಿಟಕಿ. ಆ ಕಿಟಕಿಯೊಳಗೆ ಎಲ್ಲೋ ಡೇಟಾ ಸೆಂಟರಿನಲ್ಲಿ ಕೂತ ಲಿನಕ್ಸ್ ಸರ್ವರಿನ ಡೆಸ್ಕ್‌ಟಾಪು. ದಿನದ ಕೆಲಸವೆಲ್ಲ ಅದರೊಳಗೇ. ಕೇಡೆನ್ಸ್, ಸಿನಾಪ್ಸಿಸ್ ಮುಂತಾದವರ ಸಾಫ್ಟ್‌ವೇರು ಇಂಥ ಲಿನಕ್ಸಿನ ಇಂಥ ಆವೃತ್ತಿಯ ಮೇಲೆ ಪರೀಕ್ಷೆಯಾಗಿದೆ ಎಂದು ಪಟ್ಟಿಯೇ ಇರುತ್ತದೆ, ಆ ಪಟ್ಟಿಯಲ್ಲಿ ವರ್ಷಗಟ್ಟಲೆ ರೆಡ್ ಹ್ಯಾಟ್ 6, ಆಮೇಲೆ 7. ಪ್ರಾಜೆಕ್ಟ್ ನಡುವೆ, ಅದರಲ್ಲೂ ಟೇಪ್‌ಔಟ್ (ಚಿಪ್ಪಿನ ವಿನ್ಯಾಸ ಮುಗಿಸಿ ತಯಾರಿಕೆಗೆ ಕಳಿಸುವ ದಿನ) ಹತ್ತಿರ ಬಂದಾಗ, ಸಿಸ್ಟಂ ಬದಲಿಸೋಣ ಎಂದರೆ ಮ್ಯಾನೇಜರ್ ಕೆಕ್ಕರಿಸಿ ನೋಡುತ್ತಾನೆ. ಆದರೆ ಅದೇ ಸಾಫ್ಟ್‌ವೇರಿನ ಹೆಲ್ಪ್ ಒತ್ತಿದರೆ ತೆರೆದುಕೊಳ್ಳುವುದು ಬ್ರೌಸರಿನಲ್ಲಿ. ಬಗ್ ಪಟ್ಟಿ ಬ್ರೌಸರಿನಲ್ಲಿ, ರಾತ್ರಿಯೆಲ್ಲ ಓಡಿದ ರಿಗ್ರೆಷನ್‌ನ ರಿಪೋರ್ಟು ಬ್ರೌಸರಿನಲ್ಲಿ. ವಿಎನ್‌ಸಿಯಿಂದ ಹೊರಕ್ಕೆ ಕಾಪಿ-ಪೇಸ್ಟ್ ಬಂದ್ ಮಾಡಿರುವ ಕಂಪನಿಗಳಲ್ಲಂತೂ ಒಳಗೇ ಒಂದು ಒಳ್ಳೆಯ ಬ್ರೌಸರ್ ಇಲ್ಲದೆ ಗತ್ಯಂತರವಿಲ್ಲ.

ಸರಿ, ಹಾಗಾದರೆ ತೊಡಕು ಎಲ್ಲಿ? ಊರ ದೇವಸ್ಥಾನದಲ್ಲಿ ಕೊಪ್ಪರಿಗೆ, ಹಂಡೆ, ಜಮಖಾನೆ ಇಟ್ಟಿರುತ್ತಾರೆ, ಮದುವೆ ಮನೆಯವರೆಲ್ಲ ಅವನ್ನೇ ತಂದು ಬಳಸುತ್ತಾರೆ. ಲಿನಕ್ಸಿನ ಶೇರ್ಡ್ ಲೈಬ್ರರಿಗಳು ಹೆಚ್ಚುಕಮ್ಮಿ ಇದೇ ವ್ಯವಸ್ಥೆ. ಫೈಲು ತೆರೆಯುವುದು, ಮೆಮೊರಿ ಕೇಳುವುದು, ಅಕ್ಷರಗಳನ್ನು ಜೋಡಿಸುವುದು ಇಂಥ ಸಾಮಾನ್ಯ ಕೆಲಸಕ್ಕೆ ಪ್ರತಿ ಪ್ರೋಗ್ರಾಮೂ ತನ್ನದೇ ಕೋಡ್ ಹೊತ್ತು ತರುವುದಿಲ್ಲ, ಸಿಸ್ಟಮಿನಲ್ಲಿ ಇರುವುದನ್ನೇ ಎರವಲು ಪಡೆಯುತ್ತದೆ. ಅವುಗಳಲ್ಲಿ ಎಲ್ಲಕ್ಕೂ ತಳಪಾಯ ಜಿ-ಲಿಬ್-ಸಿ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದಕ್ಕೆ ಇನ್ನೊಂದು, ಲಿಬ್‌ಸ್ಟಡ್ ಸಿ ಪ್ಲಸ್ ಪ್ಲಸ್.

ಈ ಲೈಬ್ರರಿಗಳಲ್ಲಿ ಪ್ರತಿ ಫಂಕ್ಷನ್ನಿಗೂ ಆವೃತ್ತಿಯ ಮೊಹರು ಇರುತ್ತದೆ. ಹಳೆಯ ಪ್ರೋಗ್ರಾಮು ಹೊಸ ಜಿ-ಲಿಬ್-ಸಿ ಮೇಲೆ ನಿರಾಯಾಸವಾಗಿ ಓಡುತ್ತದೆ, ಯಾಕೆಂದರೆ ಹಳೆಯ ಮೊಹರಿನ ಫಂಕ್ಷನ್ನುಗಳನ್ನು ಅವರು ಕಿತ್ತುಹಾಕುವುದಿಲ್ಲ. ಹೊಸ ಪ್ರೋಗ್ರಾಮು ಹಳೆಯದರ ಮೇಲೆ ಓಡುವುದಿಲ್ಲ, ಯಾಕೆಂದರೆ ಅದು ಕೇಳುವ ಮೊಹರು ಅಲ್ಲಿ ಹುಟ್ಟೇ ಇಲ್ಲ. ರೆಡ್ ಹ್ಯಾಟ್ 6, ಅದರ ಪುಕ್ಕಟೆ ಅವಳಿ ಸೆಂಟ್‌ಓಎಸ್ 6 ಎರಡರಲ್ಲೂ ಇದ್ದದ್ದು ಜಿ-ಲಿಬ್-ಸಿ 2.12, ಜೊತೆಗೆ ಜಿಸಿಸಿ ಎಂಬ ಕಂಪೈಲರಿನ 4.4ನೇ ಆವೃತ್ತಿಯ ಕಾಲದ ಸಿ ಪ್ಲಸ್ ಪ್ಲಸ್ ಲೈಬ್ರರಿ. ಆ ಲೈಬ್ರರಿಯ ಮೊಹರುಗಳು 3.4.13ಕ್ಕೆ ಮುಗಿಯುತ್ತವೆ. ಹೊಸ ಕ್ರೋಮನ್ನು ಒತ್ತಾಯದಿಂದ ಇನ್‌ಸ್ಟಾಲ್ ಮಾಡಿ ಟರ್ಮಿನಲ್‌ನಿಂದ ಓಡಿಸಿದರೆ ‘3.4.15 ಸಿಗಲಿಲ್ಲ’ ಎಂದು ಒಂದೇ ಸಾಲು ಒದರಿ ಸುಮ್ಮನಾಗುತ್ತಿತ್ತು. ಎರಡೇ ಎರಡು ಅಂಕಿಯ ವ್ಯತ್ಯಾಸ. ನೋಡಿದವರಿಗೆ, ಇಷ್ಟೇ ತಾನೆ, ತಂದು ಹಾಕಿದರಾಯಿತು ಎನ್ನಿಸುವುದು ಸಹಜ.

ಇಲ್ಲಿಂದಲೇ ಅನಾಹುತ ಶುರುವಾಗುವುದು. ಹೊಸ ಸಿ ಪ್ಲಸ್ ಪ್ಲಸ್ ಲೈಬ್ರರಿಯನ್ನು ತಂದರೆ ಅದು ಹೊಸ ಜಿ-ಲಿಬ್-ಸಿ ಕೇಳುತ್ತದೆ. ಅಡ್ಮಿನ್ ಫೆಡೋರಾ ಎಂಬ ಇನ್ನೊಂದು, ಹೊಸ ಲಿನಕ್ಸಿನಿಂದ ಅದನ್ನೂ ತೆಗೆದು, ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಾಗಿ, ಸಿಸ್ಟಮಿನ ಲೈಬ್ರರಿ ಫೋಲ್ಡರಿಗೆ ಹಾಕಿ, ಹಳೆಯದರತ್ತ ಇದ್ದ ಲಿಂಕನ್ನು ಹೊಸದರತ್ತ ತಿರುಗಿಸುತ್ತಾನೆ. ಎಂಟರ್ ಒತ್ತಿದ ಮರುಕ್ಷಣ ಯಂತ್ರ ಸತ್ತಂತೆಯೇ. ಎಲ್‌ಎಸ್ ಎಂಬ ಕಮಾಂಡು ಕೊಟ್ಟರೆ ಸೆಗ್ಮೆಂಟೇಷನ್ ಫಾಲ್ಟ್. ಸಿಪಿ ಕೊಟ್ಟರೂ ಅದೇ. ತಪ್ಪು ತಿದ್ದೋಣ ಎಂದರೆ ತಿದ್ದುವ ಕಮಾಂಡುಗಳೂ ಅದೇ ಜಿ-ಲಿಬ್-ಸಿಯನ್ನೇ ನಂಬಿಕೊಂಡಿವೆ. ಇನ್ನೊಂದು ಎಸ್‌ಎಸ್‌ಎಚ್ ಲಾಗಿನ್ ಆಗುವುದಿಲ್ಲ. ಆಗಲೇ ತೆರೆದಿರುವ ಶೆಲ್ ಕಿಟಕಿ ಒಂದೇ ಉಸಿರಾಡುತ್ತಿರುತ್ತದೆ, ಅದರ ಪಾಲಿನ ಹಳೆಯ ಲೈಬ್ರರಿ ಮೆಮೊರಿಯಲ್ಲಿ ಉಳಿದಿರುವುದರಿಂದ. ಆ ಕಿಟಕಿಯನ್ನು ಗಾಬರಿಯಲ್ಲಿ ಮುಚ್ಚಿದವರ ಮುಂದಿನ ದಾರಿ ಡೇಟಾ ಸೆಂಟರಿಗೆ. ಮುಚ್ಚದವರಿಗೆ ಒಂದು ಉಪಾಯವಿದೆ. ಎಸ್‌ಎಲ್‌ಎನ್ ಎಂಬ ಪುಟ್ಟ ಕಮಾಂಡು ಯಾವ ಶೇರ್ಡ್ ಲೈಬ್ರರಿಯನ್ನೂ ಕೇಳದಂತೆ, ಬೇಕಾದ್ದನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ಹುಟ್ಟಿರುತ್ತದೆ. ಹಳೆಯ ಲೈಬ್ರರಿ ಫೈಲು ಇನ್ನೂ ಡಿಸ್ಕಿನಲ್ಲಿದ್ದರೆ ಅದರ ಕಡೆಗೆ ಲಿಂಕನ್ನು ತಿರುಗಿಸುವುದೊಂದೇ ಅದರ ಕಸುಬು. ಇಂಥ ಪೇಚಿಗೆಂದೇ ಅದನ್ನು ಮಾಡಿಟ್ಟಿದ್ದಾರೆ ಎಂದರೆ, ಎಷ್ಟು ಜನ ಈ ಗುಂಡಿಗೆ ಬಿದ್ದಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಜಾಣರು ಮಾಡಿದ್ದು ಬೇರೆ. ಹೊಸ ಲೈಬ್ರರಿಗಳನ್ನು ಸಿಸ್ಟಮಿಗೆ ಬೆರೆಸದೆ, ಕ್ರೋಮ್‌ನ ಫೋಲ್ಡರಿನೊಳಗೇ ಒಂದು ಮರಿ ಫೋಲ್ಡರ್ ಮಾಡಿ ಅದರಲ್ಲಿಟ್ಟರು. ಸೆಂಟ್‌ಓಎಸ್ 6ರ ಮಟ್ಟಿಗೆ ಫೆಡೋರಾ 15ರ ಲೈಬ್ರರಿಗಳು ಹೊಂದಿಕೊಳ್ಳುತ್ತಿದ್ದವು. ಅದು ಜಿಸಿಸಿ 4.6ರ ಪೀಳಿಗೆಯದು, ಬೇಕಾಗಿದ್ದ 3.4.15 ಅದರಲ್ಲಿತ್ತು. ಯಾವುದು ಬೇಕು, ಯಾವುದು ಬೇಡ ಎಂದು ತಿಳಿಯಲು ಎಲ್‌ಡಿಡಿ ಎಂಬ ಕಮಾಂಡು ಸಾಕು. ಕ್ರೋಮ್‌ನ ಫೈಲನ್ನು ಅದಕ್ಕೆ ಕೊಟ್ಟರೆ ಬೇಕಾದ ಲೈಬ್ರರಿಗಳ ಉದ್ದ ಪಟ್ಟಿ ಬರುತ್ತದೆ, ಇಲ್ಲದ್ದರ ಮುಂದೆ ‘ಸಿಗಲಿಲ್ಲ’ ಎಂದಿರುತ್ತದೆ. ಒಂದನ್ನು ತಂದಿಟ್ಟು ಮತ್ತೆ ಕೇಳಿದರೆ, ತಂದದ್ದಕ್ಕೆ ಬೇಕಾದ ಇನ್ನೆರಡು ಹೊಸದಾಗಿ ಪಟ್ಟಿಗೆ ಸೇರಿರುತ್ತವೆ. ತಾಳ್ಮೆ ಇದ್ದವರಿಗೆ ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಖಾಲಿಯಾಗುತ್ತದೆ.

ಖಾಲಿಯಾದ ಮಾತ್ರಕ್ಕೆ ಓಡುವುದಿಲ್ಲ. ಪ್ರೋಗ್ರಾಮನ್ನು ಮೆಮೊರಿಗೆ ತಂದು ಲೈಬ್ರರಿಗಳಿಗೆ ಜೋಡಿಸುವ ಲೋಡರ್ ಎಂಬ ದಳ್ಳಾಳಿ ಒಬ್ಬನಿದ್ದಾನೆ. ಅವನೂ ಜಿ-ಲಿಬ್-ಸಿಯ ಭಾಗವೇ. ಹಳೆಯ ಲೋಡರಿಗೂ ಹೊಸ ಜಿ-ಲಿಬ್-ಸಿಗೂ ಆಗಿಬರುವುದಿಲ್ಲ, ಜೋಡಿ ಜೋಡಿಯಾಗಿಯೇ ಇರಬೇಕು. ಲೋಡರಿನ ವಿಳಾಸ ಪ್ರತಿ ಪ್ರೋಗ್ರಾಮಿನ ಫೈಲಿನೊಳಗೆ ಅಚ್ಚಾಗಿರುತ್ತದೆ. ಒಂದೋ ಹೊಸ ಲೋಡರನ್ನೇ ನೇರವಾಗಿ ಕರೆದು ‘ಈ ಫೋಲ್ಡರಿನ ಲೈಬ್ರರಿ ಬಳಸಿ ಇದನ್ನು ಓಡಿಸು’ ಎನ್ನಬೇಕು, ಇಲ್ಲವೇ ಪ್ಯಾಚ್‌ಎಲ್ಫ್ ಎಂಬ ಸಲಕರಣೆಯಿಂದ ಫೈಲಿನೊಳಗಿನ ವಿಳಾಸವನ್ನೇ ತಿದ್ದಬೇಕು. ಇನ್ನೊಂದು ಪೀಕಲಾಟವೆಂದರೆ, ಲೈಬ್ರರಿ ಫೋಲ್ಡರಿನ ದಾರಿಯನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಮೂಲಕ ಹೇಳಿದರೆ ಅದು ಕ್ರೋಮ್ ಹುಟ್ಟಿಸುವ ಮಕ್ಕಳಿಗೂ ಹೋಗುತ್ತದೆ. ಡೌನ್‌ಲೋಡ್ ಮಾಡಿದ ಪಿಡಿಎಫ್ ಮೇಲೆ ಕ್ಲಿಕ್ ಮಾಡಿದಿರಿ, ಸಿಸ್ಟಮಿನ ಹಳೆಯ ಪಿಡಿಎಫ್ ರೀಡರ್ ಎದ್ದು ಹೊಸ ಲೈಬ್ರರಿಗಳನ್ನು ಕಂಡು ದಿಕ್ಕುತಪ್ಪಿ ಬೀಳುತ್ತದೆ. ಬ್ರೌಸರ್ ಸರಿಯಾಗಿದೆ, ಬೇರೆಲ್ಲ ಕೆಟ್ಟಿದೆ ಎಂಬ ದೂರು ಬಂದರೆ ಮೊದಲು ಹುಡುಕಬೇಕಾದ್ದು ಇದನ್ನೇ.

ಇದೆಲ್ಲ ರಗಳೆ ಬೇಡ, ಕಂಟೇನರಿನಲ್ಲಿ ಹೊಸ ಲಿನಕ್ಸ್ ಇಟ್ಟು ಅದರಲ್ಲಿ ಬ್ರೌಸರ್ ಓಡಿಸೋಣ ಎನ್ನುವವರ ಮಾತು ಹೆಚ್ಚಿನ ಕಡೆ ಸರಿಯೇ. ಆದರೆ ಕಂಟೇನರಿಗೆ ತನ್ನದೇ ಕರ್ನೆಲ್ ಇರುವುದಿಲ್ಲ, ಹೊರಗಿನ ಯಂತ್ರದ್ದನ್ನೇ ಬಳಸುತ್ತದೆ. 2017ರಲ್ಲಿ ಬಂದ ಜಿ-ಲಿಬ್-ಸಿ 2.26ರಿಂದ ಈಚೆಗೆ ಕರ್ನೆಲ್ 3.2 ಆದರೂ ಇರಲೇಬೇಕು. ಸೆಂಟ್‌ಓಎಸ್ 6ರದ್ದು 2.6.32. ಒಳಗೆ ಅಂಥ ಹೊಸ ಲಿನಕ್ಸ್ ಇಟ್ಟರೆ ‘ಕರ್ನೆಲ್ ತೀರಾ ಹಳೆಯದು’ ಎಂದು ಹೇಳಿ ಪ್ರಾಣ ಬಿಡುತ್ತದೆ.

ಲೈಬ್ರರಿಗಳ ಗಂಡಾಂತರ ದಾಟಿದವರಿಗೆ ಸ್ಯಾಂಡ್‌ಬಾಕ್ಸ್ ಕಾದಿರುತ್ತದೆ. ವೆಬ್ ಪುಟದ ಕೋಡನ್ನು ಕ್ರೋಮ್ ಒಂದು ಕಟಕಟೆಯೊಳಗೆ ಕಟ್ಟಿ ಓಡಿಸುತ್ತದೆ. ಪುಟದಲ್ಲಿ ವಿಷವಿದ್ದರೂ ಅದು ನಿಮ್ಮ ಫೈಲುಗಳನ್ನು ಮುಟ್ಟಬಾರದು. ಆ ಕಟಕಟೆ ಕಟ್ಟಲು ಹೊಸ ಕರ್ನೆಲ್‌ಗಳಲ್ಲಿ ಯೂಸರ್ ನೇಮ್‌ಸ್ಪೇಸ್ ಎಂಬ ಸೌಕರ್ಯ ಇದೆ. ಹಳೆಯದರಲ್ಲಿ ಇಲ್ಲ, ಸೆಂಟ್‌ಓಎಸ್ 7ರಲ್ಲಿ ಇದ್ದರೂ ಅದರ ಮಿತಿಯನ್ನು ಸೊನ್ನೆಗೆ ಇಟ್ಟಿದ್ದರು. ಆಗ ಕ್ರೋಮ್ ಸ್ಯಾಂಡ್‌ಬಾಕ್ಸ್ ಎಂಬ ಪುಟ್ಟ ಸಹಾಯಕ ಪ್ರೋಗ್ರಾಮಿಗೆ ರೂಟ್ ಒಡೆಯನಾಗಿರಬೇಕು, ಪರ್ಮಿಷನ್ 4755 ಇರಬೇಕು. ಸುಮ್ಮನೆ ಮನೆಯ ಫೋಲ್ಡರಿನಲ್ಲಿ ಬಿಚ್ಚಿಟ್ಟರೆ ಇದು ಇರುವುದಿಲ್ಲ, ಕ್ರೋಮ್ ತಕರಾರು ಮಾಡಿ ನಿಲ್ಲುತ್ತದೆ. ರೂಟ್ ಆಗಿ ಓಡಿಸಲು ಹೋದರಂತೂ ಸಾರಾಸಗಟಾಗಿ ಆಗುವುದಿಲ್ಲ ಎನ್ನುತ್ತದೆ. ಸರ್ವರಿನವರಿಗೆ ರೂಟ್ ಆಗಿಯೇ ಕೂತಿರುವ ಚಾಳಿ ಬೇರೆ. ಆಗ ಎಲ್ಲರ ಕೈಗೂ ಸಿಗುವುದು ಒಂದು ಸುಲಭದ ಸ್ವಿಚ್ಚು, ‘ನೋ ಸ್ಯಾಂಡ್‌ಬಾಕ್ಸ್’. ಹಾಕಿದರೆ ಬ್ರೌಸರ್ ಟಣ್ಣನೆ ಎದ್ದು ಕೂರುತ್ತದೆ. ಈ ಇಡೀ ಕತೆಯಲ್ಲಿ ನನಗೆ ನಿಜವಾಗಿ ದಿಗಿಲು ಹುಟ್ಟಿಸುವುದು ಇದೊಂದೇ. ರೂಟ್ ಆಗಿ, ಕಟಕಟೆ ಕಿತ್ತುಹಾಕಿ, ಅಪ್‌ಡೇಟ್ ನಿಂತ ಬ್ರೌಸರಿನಲ್ಲಿ, ಕಂಪನಿಯ ಡೇಟಾ ಇರುವ ಸರ್ವರಿನಿಂದ ಅಂತರ್ಜಾಲಕ್ಕೆ ಹೋಗುವುದು! ಅದಕ್ಕಿಂತ ಬ್ರೌಸರ್ ಇಲ್ಲದಿರುವುದೇ ವಾಸಿ.

ಯಾಕೆ ಇಷ್ಟು ಕಟುವಾಗಿ ಹೇಳುತ್ತೇನೆಂದರೆ, 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಚಿತ್ರ ಮಾದರಿಯನ್ನು ಬಿಡಿಸುವ ಲೈಬ್ರರಿಯಲ್ಲಿ ಒಂದು ತೂತು ಪತ್ತೆಯಾಯಿತು. ಬೇಕಂತಲೇ ಕೆಡಿಸಿದ ಒಂದು ಚಿತ್ರ ಪರದೆಗೆ ಬಂದರೆ ಸಾಕಿತ್ತು, ಎಲ್ಲೂ ಕ್ಲಿಕ್ ಮಾಡಬೇಕಿರಲಿಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಕೆಲವೇ ದಿನಗಳಲ್ಲಿ ಪ್ಯಾಚ್ ಬಿಟ್ಟವು. ಬ್ರೌಸರನ್ನು ತಾನೇ ಹೊಲಿದು ಓಡಿಸಿಕೊಂಡವನಿಗೆ ಆ ಪ್ಯಾಚ್ ತಾನಾಗಿ ಬರುವುದಿಲ್ಲ. ಬ್ರೌಸರ್ ಹೊಸತಾದರೆ ಅದು ಕೇಳುವ ಮೊಹರುಗಳೂ ಹೊಸತು. ಫೆಡೋರಾ 15ರಿಂದ ತಂದದ್ದು ಒಂದು ದಿನ ಸಾಲದಾಗುತ್ತದೆ, ಮತ್ತೆ ಎಲ್‌ಡಿಡಿ, ಮತ್ತೆ ಪಟ್ಟಿ. ಒಮ್ಮೆ ಓಡಿಸುವುದು ಒಂದು ಸಂಜೆಯ ಕೆಲಸ. ಪ್ರತಿ ತಿಂಗಳೂ ಓಡಿಸುತ್ತಲೇ ಇರುವುದು ಸಂಬಳ ಇಲ್ಲದ ನೌಕರಿ.

ಈ ನೌಕರಿಯನ್ನು ಸಂಬಳ ಪಡೆದು ಮಾಡಿದವರು ರೆಡ್ ಹ್ಯಾಟ್‌ನವರು. ಮುಂದೆ ಅವರೇ ರೆಡ್ ಹ್ಯಾಟ್ 6ಕ್ಕೆ ಕ್ರೋಮ್‌ನ ಮುಕ್ತ ಮೂಲರೂಪವಾದ ಕ್ರೋಮಿಯಂ ಕಟ್ಟಿಕೊಟ್ಟರು. ಫೈರ್‌ಫಾಕ್ಸ್‌ನ ದೀರ್ಘಾವಧಿ ಆವೃತ್ತಿಯನ್ನಂತೂ 2020ರ ಕೊನೆಯವರೆಗೆ ಎಳೆದುಕೊಂಡು ಬಂದರು. ಅದಕ್ಕೆ ಬೇಕಾದ ಜಿಟಿಕೆ 3 ಎಂಬ ಲೈಬ್ರರಿ ಆ ಸಿಸ್ಟಮಿನಲ್ಲಿ ಇರಲೇ ಇಲ್ಲ. ಅದನ್ನು ಬ್ರೌಸರಿನ ಪ್ಯಾಕೇಜಿನೊಳಗೇ ತುಂಬಿ ಕೊಟ್ಟರು. ಅಂದರೆ ಜಾಣ ಅಡ್ಮಿನ್‌ಗಳ ಮರಿ ಫೋಲ್ಡರಿನ ಉಪಾಯವನ್ನೇ ಶಾಸ್ತ್ರೋಕ್ತವಾಗಿ ಮಾಡಿದರು. ಕ್ರೋಮೇ ಬೇಕು ಎಂಬ ಹಟ ಬಿಟ್ಟು ಇರುವ ಫೈರ್‌ಫಾಕ್ಸ್‌ನಲ್ಲಿ ಕೆಲಸ ಆಗುತ್ತದೆಯೇ ಎಂದು ನೋಡಿದ್ದರೆ ಬಹಳ ಜನರ ಸಂಜೆಗಳು ಉಳಿಯುತ್ತಿದ್ದವು.

ವಿಂಡೋಸ್ ಸರ್ವರಿನ ಕತೆ ಚಿಕ್ಕದು. ಲೆಕ್ಕಪತ್ರದ ಸಾಫ್ಟ್‌ವೇರನ್ನು ಸರ್ವರಿನಲ್ಲಿಟ್ಟು, ಸಿಬ್ಬಂದಿಯೆಲ್ಲ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದರೊಳಗೇ ಕೂತು ಕೆಲಸ ಮಾಡುವ ಪದ್ಧತಿ ನಮ್ಮ ಸಣ್ಣ ಕಚೇರಿಗಳಲ್ಲೂ ಇದೆ. ಲೆಕ್ಕ ಅಲ್ಲಿದ್ದ ಮೇಲೆ ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ ತೆರೆಯುವುದೂ ಅಲ್ಲಿಂದಲೇ. ವಿಂಡೋಸ್ ಸರ್ವರ್ 2003ರಿಂದ ಈಚೆಗೆ ಸರ್ವರಿನ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಬಿಗಿ ಭದ್ರತೆ ಹಾಕಿಟ್ಟಿರುತ್ತಿದ್ದರು. ಒಂದು ಪುಟ ತೆರೆದರೆ ಈ ಸೈಟನ್ನು ನಂಬಲೇ ಎಂದು ಕೇಳುತ್ತಿತ್ತು, ಹೂಂ ಎಂದರೆ ಆ ಪುಟದೊಳಗಿನ ಇನ್ನೊಂದು ಸೈಟಿಗೂ ಅದೇ ಪ್ರಶ್ನೆ. ಕ್ರೋಮ್ ಡೌನ್‌ಲೋಡ್ ಮಾಡಲು ಹೊರಟು ‘ಆಡ್, ಆಡ್, ಆಡ್’ ಎಂದು ಒತ್ತಿ ಬೆರಳು ಸವೆಸಿದವರು ಲೆಕ್ಕವಿಲ್ಲ. ಸರ್ವರಿನಲ್ಲಿ ಕೂತು ಬ್ರೌಸ್ ಮಾಡಬೇಡಿ ಎಂಬುದನ್ನು ಮೈಕ್ರೋಸಾಫ್ಟ್ ಬಾಯಲ್ಲಿ ಹೇಳದೆ ಹೀಗೆ ಹೇಳಿತ್ತು.

ಇಲ್ಲೂ ಹಳೆಯ ಸರ್ವರಿಗೆ ಹೊಸ ಬ್ರೌಸರ್ ಕೈಕೊಡುತ್ತದೆ. ವಿಂಡೋಸ್ ಸರ್ವರ್ 2012 ಆರ್2 ಒಳಗಿನಿಂದ ವಿಂಡೋಸ್ 8.1ರ ಒಡಹುಟ್ಟು. 2023ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 110 ವಿಂಡೋಸ್ 10ಕ್ಕಿಂತ ಹಳೆಯದನ್ನೆಲ್ಲ ಕೈಬಿಟ್ಟಿತು. ಸರ್ವರ್ 2012, 2012 ಆರ್2 ಜೋಡಿಗೆ ಮಾತ್ರ 109ನೇ ಆವೃತ್ತಿಯಲ್ಲೇ ತುರ್ತು ಪ್ಯಾಚುಗಳನ್ನು ಆ ವರ್ಷದ ಅಕ್ಟೋಬರ್ 10ರವರೆಗೆ ಕೊಟ್ಟರು. ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದದ್ದೂ ಅದೇ ದಿನ. ದುಡ್ಡು ಕೊಟ್ಟರೆ ಸಿಸ್ಟಮಿಗೆ 2026ರ ಅಕ್ಟೋಬರಿನವರೆಗೆ ಪ್ಯಾಚ್ ಉಂಟು, ಬ್ರೌಸರಿಗಿಲ್ಲ. ಹೊಸ ಕ್ರೋಮಿಯಂ ಅನ್ನು ಹಳೆಯ ವಿಂಡೋಸಿಗೆ ಒಗ್ಗಿಸಿದ ಸೂಪರ್‌ಮಿಯಂ ಎಂಬ ಕವಲು ಇದೆ, ಓಡುತ್ತದೆ ಕೂಡ. ಹವ್ಯಾಸಕ್ಕೆ ಇಟ್ಟ ಹಳೇ ಲ್ಯಾಪ್‌ಟಾಪಿಗೆ ಅದು ಚೆನ್ನ. ಕಂಪನಿಯ ಬ್ಯಾಂಕ್ ಪಾಸ್‌ವರ್ಡ್ ಒತ್ತುವ ಯಂತ್ರದಲ್ಲಿ ನಾನಂತೂ ಹಾಕೆನು. ಅಲ್ಲಿ ಫೈರ್‌ಫಾಕ್ಸ್‌ನ 115ನೇ ದೀರ್ಘಾವಧಿ ಆವೃತ್ತಿಯೇ, ಅದಕ್ಕೆ ಪ್ಯಾಚ್ ಬರುವಷ್ಟು ಕಾಲ, ಮೇಲು. ಹಳೆಯ ವಿಂಡೋಸಿನವರಿಗಾಗಿ ಅದರ ಗಡುವನ್ನು ಮೊಜಿಲ್ಲಾ ಮತ್ತೆ ಮತ್ತೆ ಮುಂದೂಡಿತು.

ಇಷ್ಟೆಲ್ಲ ಆದ ಮೇಲೆ, ಸರ್ವರಿನಲ್ಲಿ ಬ್ರೌಸರ್ ಬೇಕು ಎಂದು ಬಂದವರನ್ನು ಮೊದಲು ಕೇಳಬೇಕಾದ್ದು ಯಾವ ಪುಟ ತೆರೆಯಬೇಕು ಎಂದು. ಸರ್ವರಿನಿಂದ ಮಾತ್ರ ಸಿಗುವ ಯಾವುದೋ ಒಳಗಿನ ಪುಟ, ಸ್ಟೋರೇಜ್ ಪೆಟ್ಟಿಗೆಯ ಕಂಟ್ರೋಲ್ ಪ್ಯಾನೆಲ್ಲು, ಡೇಟಾಬೇಸಿನ ಡ್ಯಾಶ್‌ಬೋರ್ಡು: ಬಹಳ ಸಲ ಉತ್ತರ ಇಂಥದ್ದೇ. ಅದಕ್ಕೆ ಬ್ರೌಸರ್ ಅಲ್ಲಿರಬೇಕಿಲ್ಲ, ದಾರಿ ಅಲ್ಲಿಂದ ಹೋದರೆ ಸಾಕು. ಎಸ್‌ಎಸ್‌ಎಚ್‌ಗೆ ದೊಡ್ಡಕ್ಷರದ ‘ಡಿ’ ಎಂಬ ಆಯ್ಕೆಯನ್ನೂ ಒಂದು ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ಸರ್ವರಿಗೆ ಲಾಗಿನ್ ಆಗಿ. ನಿಮ್ಮ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಸಾಕ್ಸ್ ಪ್ರಾಕ್ಸಿ ಎಂದು ಅದೇ ಪೋರ್ಟನ್ನು ತುಂಬಿ. ಬ್ರೌಸರ್ ಹೊಸತು, ಕಟಕಟೆ ಭದ್ರ, ಆದರೆ ಪುಟಕ್ಕೆ ಹೋಗುವ ದಾರಿ ಸರ್ವರಿನ ಮೂಲಕ. ಯಾವ ಲೈಬ್ರರಿಯನ್ನೂ ಮುಟ್ಟುವ ಪ್ರಮೇಯವಿಲ್ಲ. ನಿಮ್ಮ ಕಂಪನಿಯ ನೆಟ್‌ವರ್ಕಿನವರು ಇದಕ್ಕೆ ಒಪ್ಪಬೇಕು ಎಂಬುದೊಂದು ಷರತ್ತು, ಕೇಳಿಯೇ ಮಾಡಿ.

ಸರ್ವರಿನಲ್ಲಿ ಬ್ರೌಸರ್ ನಿಜಕ್ಕೂ ಬೇಕಾಗುವ ಒಂದು ಕೆಲಸ ಈಚೆಗೆ ಬೆಳೆದಿದೆ. 2017ರಲ್ಲಿ ಕ್ರೋಮ್ 59ರ ಜೊತೆ ಪರದೆಯೇ ಬೇಡದ ಹೆಡ್‌ಲೆಸ್ ವಿಧಾನ ಬಂತು. ಅಂದಿನಿಂದ ಬಿಲ್ಲು, ರಸೀದಿ, ಅಂಕಪಟ್ಟಿಗಳನ್ನು ವೆಬ್ ಪುಟವಾಗಿ ಬರೆದು ಸರ್ವರಿನಲ್ಲೇ ಪಿಡಿಎಫ್ ಮಾಡಿಸುವುದು ವಾಡಿಕೆಯಾಯಿತು. ಕನ್ನಡದ ಪಿಡಿಎಫ್ ಆದರೆ ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಡೆಸ್ಕ್‌ಟಾಪಿನಲ್ಲಿ ಚೆಂದ ಕಂಡದ್ದು ಸರ್ವರಿನಲ್ಲಿ ಸಾಲು ಸಾಲು ಡಬ್ಬಿಗಳಾಗಿ ಬರುತ್ತದೆ. ಫೈರ್‌ಫಾಕ್ಸ್ ಆದರೆ ಡಬ್ಬಿಯೊಳಗೆ 0ಸಿ95 ಎಂದು ಸಂಖ್ಯೆ ಬರೆದಾದರೂ ತೋರಿಸುತ್ತದೆ, ಯೂನಿಕೋಡಿನಲ್ಲಿ ಅದು ‘ಕ’. ಕ್ರೋಮ್ ಬರೀ ಖಾಲಿ ಡಬ್ಬಿ ಕೊಡುತ್ತದೆ. ಜನ ಎನ್‌ಕೋಡಿಂಗ್ ತಪ್ಪಿರಬೇಕು ಎಂದು ಕೋಡನ್ನೆಲ್ಲ ಜಾಲಾಡುತ್ತಾರೆ. ಕೋಡಿನಲ್ಲಿ ಏನೂ ಆಗಿರುವುದಿಲ್ಲ, ಸರ್ವರಿನಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಲೋಹಿತ್ ಕನ್ನಡ ಫಾಂಟಿನ ಪ್ಯಾಕೇಜು ಇಂಥ ಹಳೆಯ ರೆಡ್ ಹ್ಯಾಟ್, ಸೆಂಟ್‌ಓಎಸ್‌ಗಳ ಜೊತೆಗೇ ಬರುತ್ತದೆ. ಹಾಕಿ ಫಾಂಟ್ ಕ್ಯಾಶ್ ಹೊಸದು ಮಾಡಿದರೆ ಆಯಿತು. ರೂಟ್ ಇಲ್ಲದವರು ಫಾಂಟ್ ಫೈಲನ್ನು ತಮ್ಮ ಹೋಮ್ ಫೋಲ್ಡರಿನೊಳಗೆ ಚುಕ್ಕಿಯಿಂದ ಶುರುವಾಗುವ ಫಾಂಟ್ಸ್ ಫೋಲ್ಡರಿಗೆ ಹಾಕಿಕೊಂಡರೂ ನಡೆಯುತ್ತದೆ. ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಕ್ರೋಮ್‌ನ ಒಳಗೇ ಇರುವುದರಿಂದ, ಅದೊಂದಕ್ಕಂತೂ ಸಿಸ್ಟಮಿನ ಹಳೆಯ ಲೈಬ್ರರಿಗಳ ಹಂಗಿಲ್ಲ.